ಚಳಿಗೆ ಪ್ರವೇಶವಿಲ್ಲ

ಈ ಸಲ ನಮ್ಮ ಮನೆಯೊಳಗೆ ಚಳಿಗೆ ಪ್ರವೇಶವಿಲ್ಲ ಎಂದು ನಾನು ಘೋಷಣೆ ಹೊರಡಿಸಿದೆ. ಘೋಷಣೆ ಹೊರಟ ಸ್ಥಳ ಬಚ್ಚಲಮನೆ. ಆಗ ನಾನು ಹಂಡೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತಲೆಗೆ ಮಂಕಿಕ್ಯಾಪು, ಕುತ್ತಿಗೆಗೆ ಮಫ್ಲರು, ಕೈಗೆ ಉಲ್ಲನ್ ಗ್ಲೌಸು ಏರಿಸಿಕೊಂಡು, ಎರಡೂ ಅಂಗೈಗಳನ್ನು ಬೆಂಕಿಗೆ ಒಡ್ಡಿದ್ದೆ. ನೋಡಿದವರಿಗೆ ಪೊಲೀಸರಿಗೆ ಶರಣಾದ ಕಳ್ಳನ ಹಾಗೆ ಕಂಡಿರಬಹುದು. ಆದರೆ ಧ್ವನಿ ಮಾತ್ರ ಚಕ್ರವರ್ತಿಯದು.

ಸಭಿಕರು ಇಬ್ಬರು. ಒಬ್ಬಳು ನನ್ನ ಹೆಂಡತಿ ಸರೋಜ. ಇನ್ನೊಂದು, ಒಲೆಯ ಬೂದಿಗೆ ಬೆನ್ನು ಕೊಟ್ಟು ಮಲಗಿದ್ದ ನಮ್ಮ ಬೆಕ್ಕು.

"ಘೋಷಣೆ ಆಮೇಲೆ ಮಾಡಿ. ಮೊದ್ಲು ಸ್ವಲ್ಪ ಆಚೆ ಸರೀರಿ. ಇಡೀ ಬೆಂಕಿ ನೀವೊಬ್ರೇ ಕಾಯಿಸ್ತಿದೀರಿ," ಎಂದಳು ಸರೋಜ. ಬೆಕ್ಕು ಕಣ್ಣು ಸಹ ಬಿಡಲಿಲ್ಲ.

ಮಲೆನಾಡಿನ ಮಳೆಯ ಬಗ್ಗೆ ಬರೆದವರು ಬೇಕಾದಷ್ಟು ಜನ. ಡಿಸೆಂಬರಿನಲ್ಲಿ ಕೊಪ್ಪದ ಹಂಚಿನ ಮನೆಯೊಳಗೆ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡುವುದರ ಬಗ್ಗೆ ಯಾರೂ ಬರೆದಿಲ್ಲ. ಬರೆಯಲು ಕೈ ಕಂಬಳಿಯಿಂದ ಹೊರಗೆ ಬರಬೇಕಲ್ಲ! ಹಂಚಿನ ಸಂದಿಯಿಂದ ಇಬ್ಬನಿ ಒಳಗಿಳಿಯುತ್ತದೆ. ತೆಂಗಿನೆಣ್ಣೆ ಬಾಟಲಿಯಲ್ಲೇ ಕಲ್ಲಾಗಿ ಕೂರುತ್ತದೆ. ಪ್ರವಾಸಕ್ಕೆ ಬಂದವರು ಗೇಟಿನಲ್ಲಿ ನಿಂತು "ಆಹಾ, ಎಂಥ ಹವೆ" ಎನ್ನುತ್ತಾರೆ. ಸಂಜೆ ಬಸ್ಸು ಹತ್ತಿ ಹೋಗುವವರಿಗೆ ಆಹಾ ಅನ್ನುವುದು ಸುಲಭ. ಇಲ್ಲೇ ಬಾಡಿಗೆಗೆ ಇರುವ ನನ್ನಂಥ ಗುಮಾಸ್ತನಿಗೆ ಬಾಯಿ ತೆರೆದರೆ ಹಲ್ಲು ಕಟಕಟ ಎನ್ನುವ ಶಬ್ದ ಬಿಟ್ಟು ಬೇರೇನೂ ಬರುವುದಿಲ್ಲ.

ನನ್ನ ಘೋಷಣೆಗೆ ಕಾರಣ ಚಳಿಯಲ್ಲ, ಉಡುಪಿ. ಸರೋಜಳ ತಂಗಿ ಕಾವ್ಯ ಅಲ್ಲಿಂದ ಫೋನು ಮಾಡಿ, "ಅಕ್ಕಾ, ಇಲ್ಲಿ ನಾವು ಫ್ಯಾನ್ ಹಾಕ್ಕೊಂಡು ಮಲಗ್ತೀವಿ" ಎಂದಿದ್ದಳು. ಫೋನು ಇಟ್ಟವಳೇ ಸರೋಜ ಮಂಚದ ಕೆಳಗಿನಿಂದ ಬ್ಯಾಗು ಎಳೆದಳು.

"ನೋಡಿ, ಈ ಹುಣ್ಣಿಮೆ ಒಳಗೆ ಈ ಮನೆ ಬೆಚ್ಚಗಾಗ್ಬೇಕು. ಇಲ್ದಿದ್ರೆ ನಾನು ಕಾವ್ಯನ ಮನೆಗೆ. ಶಿವರಾತ್ರಿ ಕಳೆದ ಮೇಲೇ ಬರೋದು."

"ಅಲ್ಲಿವರೆಗೆ ನನ್ನ ಊಟ?"

"ನಿಮಗೆ ಉಪ್ಪಿಟ್ಟು ಬರುತ್ತಲ್ಲ."

ಇದು ಕ್ರೂರವಾದ ಮಾತು. ಹಿಂದೊಮ್ಮೆ ಅವಳು ಊರಿಗೆ ಹೋದಾಗ ನಾನು ಉಪ್ಪಿಟ್ಟು ಮಾಡಿದ್ದೆ. ಅವತ್ತು ಬೆಕ್ಕು ಮನೆ ಬಿಟ್ಟು ಹೋಗಿ, ಸರೋಜ ಬಂದ ಮೇಲೆ ವಾಪಸಾಯಿತು. ಈಗ ಒಂದು ಇಡೀ ಚಳಿಗಾಲ ನನ್ನದೇ ಉಪ್ಪಿಟ್ಟು ತಿಂದು ಬದುಕಬೇಕೆಂದರೆ ನನ್ನ ಎದೆಯೇ ತಣ್ಣಗಾಯಿತು.

ಇದರ ಜೊತೆಗೆ ಪಕ್ಕದ ಮನೆಯ ಉರಿ ಬೇರೆ. ಪಕ್ಕದ ಮನೆಯ ಮರುಳಸಿದ್ದಪ್ಪನವರು ನರಸಿಂಹರಾಜಪುರದ ಕಡೆಯವರು, ಕೊಪ್ಪದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಆ ವರ್ಷ ಅವರು ಶಿವಮೊಗ್ಗದಿಂದ ಒಂದು ರೂಮ್ ಹೀಟರ್ ತಂದರು. ಕೆಂಪಗೆ ಕಾಯುವ ಅದನ್ನು ಕಿಟಕಿಯ ಬಳಿಯೇ ಇಟ್ಟು, ಪರದೆ ಸರಿಸಿ, ಬರೀ ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದರು. ಓದುವವರಿಗೆ ಪರದೆ ಯಾಕೆ ಸರಿಸಬೇಕು ಹೇಳಿ.

ಒಂದು ದಿನ ಸರೋಜ ಅವರ ಹೆಂಡತಿ ಅನ್ನಪೂರ್ಣಮ್ಮನ ಹತ್ತಿರ ಮಾತಾಡಿ ಸುದ್ದಿ ತಂದಳು. "ಹೀಟರ್ ಬಂದಾಗಿಂದ ಸಿದ್ದಪ್ಪಣ್ಣಂಗೆ ಒಂದೇ ಸಮ ತಲೆನೋವಂತೆ. ಅನ್ನಪೂರ್ಣಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರಂತೆ. ಒಂಚೂರೂ ಘಾಟು ಬರ್ಲಿಲ್ಲವಂತೆ. ಅಷ್ಟು ದೃಷ್ಟಿಯಂತೆ ಅವರ ಮನೆ ಮೇಲೆ."

"ಯಾರ ದೃಷ್ಟಿಯಂತೆ?"

ಸರೋಜ ನನ್ನನ್ನೇ ನೋಡಿದಳು. ನಾನು ಬೆಕ್ಕನ್ನು ನೋಡಿದೆ.

ಅವತ್ತೇ ತೀರ್ಮಾನಿಸಿದೆ. ನಮ್ಮ ಮನೆಯೂ ಹಾಗಾಗಬೇಕು. ಇಡೀ ಬೀದಿ ನಮ್ಮ ಬೆಚ್ಚಗಿನ ಮನೆ ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಸರೋಜ ನಿವಾಳಿಸಿ ನಿವಾಳಿಸಿ ಸುಸ್ತಾಗಬೇಕು.

ಯುದ್ಧದ ಮೊದಲ ಹಂತ, ಗಾಳಿಗೆ ಬಾಗಿಲು ಬಂದ್. ಮೈದಾ ಹಿಟ್ಟಿನ ಅಂಟು ಕಾಯಿಸಿ, ಹಳೆಯ ಪೇಪರಿನಿಂದ ನಡುಮನೆಯ ಕಿಟಕಿಗಳ ಸಂದಿಗಳನ್ನೆಲ್ಲ ಮುಚ್ಚಿದೆ. ಏಣಿ ಹತ್ತಿ ಹಂಚಿನ ಕೆಳಗೆ ಪ್ಲಾಸ್ಟಿಕ್ ಹೊದಿಸಿದೆ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದೆ. ಮುಂಜಾನೆಯ ಇಬ್ಬನಿಯಲ್ಲಿ ಏಣಿಯ ಮೇಲೆ ನಿಂತ ಫಲವಾಗಿ ಭರ್ಜರಿ ನೆಗಡಿಯಾಗಿ ನನ್ನ ಮೂಗೂ ಬಂದ್ ಆಯಿತು. ಮನೆಯ ಎಲ್ಲ ಸಂದಿಗಳ ಪೈಕಿ ಅತ್ಯಂತ ಭದ್ರವಾಗಿ ಮುಚ್ಚಿದ್ದು ಅದೇ.

ಎರಡನೆಯ ಹಂತ, ಅಗ್ಗಿಷ್ಟಿಕೆ. ಕಿಗ್ಗದಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ ಬಾಣಂತಿಯರಿಗೆ ಬೆಂಕಿ ಹಾಕಿಡುತ್ತಿದ್ದ ಹಳೆಯ ಕಬ್ಬಿಣದ್ದು ಒಂದಿತ್ತು. ಅದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ನಡುವೆ ಇದ್ದಿಲಿನ ಕೆಂಡ, ಮೇಲಿಂದ ಒಣಗಿದ ಅಡಿಕೆ ಸಿಪ್ಪೆ. ಸಿಪ್ಪೆಗೆ ಬರವಿರಲಿಲ್ಲ. ಜಯಪುರದ ನಮ್ಮ ಭಾವ ಒಂದು ಚೀಲ ಕಳಿಸಿದ್ದು ಅಟ್ಟದ ಮೇಲೆ ಕೂತಿತ್ತು.

"ಎಲ್ಲ ಮುಚ್ಚಿ ಒಳಗೆ ಬೆಂಕಿ ಹಾಕಿದ್ರೆ ಉಸಿರು ಕಟ್ಟಿ ಸಾಯ್ತೀವಿ ಮಾರಾಯ್ರೆ," ಎಂದಳು ಸರೋಜ.

"ಅಷ್ಟೂ ಗೊತ್ತಿಲ್ದೆ ಇರ್ತೀನಾ ಮಾರಾಯ್ತಿ?" ಎಂದು ನಾನು ತೋರಿಸಿದೆ. ತಗಡಿನ ಒಂದು ಹಳೆಯ ಪೈಪನ್ನು ಗೋಡೆಯ ಬೆಳಕಿಂಡಿಯಿಂದ ಹೊರಗೆ ಬಿಟ್ಟಿದ್ದೆ. ಹೊಗೆ ಅದರಲ್ಲಿ ಮರ್ಯಾದೆಯಿಂದ ಹೊರಗೆ ಹೋಗುತ್ತದೆ.

"ಪೈಪಿನ ಬಾಯಿ ಸಿದ್ದಪ್ಪಣ್ಣನ ಕಿಟಕಿಗೇ ಇದೆಯಲ್ಲ?"

"ಬೆಳಕಿಂಡಿ ಆ ಕಡೆಗಿದ್ರೆ ನಾನೆಂತ ಮಾಡ್ಲಿ?" ಎಂದೆ. ಬೆಳಕಿಂಡಿ ಈ ಕಡೆಗೂ ಒಂದಿತ್ತು. ಅದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಹುಣ್ಣಿಮೆಯ ಸಂಜೆ ಉದ್ಘಾಟನೆ. ಮುಖ್ಯ ಅತಿಥಿಗಳು ಮರುಳಸಿದ್ದಪ್ಪ ದಂಪತಿಗಳು. ಅವರನ್ನು ಕರೆದದ್ದು ಸರಿಯಾಗಿ ಲೋಡ್ ಶೆಡ್ಡಿಂಗಿನ ಹೊತ್ತಿಗೆ. ಕರೆಂಟು ಹೋಯಿತು, ಹೀಟರ್ ಸತ್ತಿತು, ಅವರು ಶಾಲು ಹೊದ್ದು ನಡುಗುತ್ತ ನಮ್ಮ ಮನೆಗೆ ಬಂದರು. ನಮ್ಮಲ್ಲಿ ಒಂದು ಮೇಣದಬತ್ತಿ, ನಡುವೆ ನಿಗಿನಿಗಿ ಅಗ್ಗಿಷ್ಟಿಕೆ, ಸುತ್ತ ಮಣೆಗಳು. ಅವರು ಬಂದ ಮೇಲೆ ಗೋಣಿಚೀಲವನ್ನು ಮತ್ತೆ ಬಾಗಿಲ ಕೆಳಗೆ ಒದ್ದು ಕೂರಿಸಿದೆ.

ಸ್ವಲ್ಪ ಹೊತ್ತಿಗೆ ಅನ್ನಪೂರ್ಣಮ್ಮ ಶಾಲು ತೆಗೆದರು. ಸಿದ್ದಪ್ಪನವರು ಸ್ವೆಟರ್ ಬಿಚ್ಚಿದರು. "ಎಂತದೇ ಹೇಳು ಮಾರಾಯ ಧರ್ಮೇಶ, ಈ ಶಾಖದ ಮುಂದೆ ನಮ್ಮ ಹೀಟರ್ ಏನೂ ಅಲ್ಲ," ಎಂದರು. ಈ ಮಾತನ್ನು ನಾನು ಕಿವಿಯಲ್ಲಲ್ಲ, ಹೊಟ್ಟೆಯಲ್ಲಿ ಕೇಳಿಸಿಕೊಂಡೆ. ಅಷ್ಟು ತಂಪಾಯಿತು.

ಸರೋಜ ಕಾಲು ಚಾಚಿ ಕೂತಳು. "ಪರವಾಗಿಲ್ಲ. ಬೆಚ್ಚಗಿದೆ. ನಾಳೆ ಕಾವ್ಯಂಗೆ ಫೋನ್ ಮಾಡಿ ಬರೋದಿಲ್ಲ ಅಂತ ಹೇಳ್ತೀನಿ," ಎಂದಳು. ಉಪ್ಪಿಟ್ಟಿನಿಂದ ನನಗೆ ಬಿಡುಗಡೆಯಾಯಿತು. ನಿಜ ಹೇಳಬೇಕೆಂದರೆ ಉಪ್ಪಿಟ್ಟು ಒಂದೇ ಅಲ್ಲ. ಅವಳಿಲ್ಲದ ಮನೆಯಲ್ಲಿ ನನಗೆ ಬೇಸಗೆಯಲ್ಲೂ ಚಳಿಯಾಗುತ್ತದೆ. ಇದನ್ನು ಅವಳ ಮುಂದೆ ಹೇಳಿದವನಲ್ಲ.

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಆದರೆ ಬೆಂಕಿ ಕೊಂಚ ಮಂಕಾಯಿತು.

"ಸಿಪ್ಪೆ ನಾನು ತರ್ತೀನಿ ತಡೀರಿ. ಅಟ್ಟದಲ್ಲಿ ಎಲ್ಲಿ ಎಂತ ಇದೆ ಅಂತ ನಿಮಗೆ ಗೊತ್ತಾಗಲ್ಲ," ಎಂದು ಸರೋಜ ಎದ್ದಳು.

"ನೀನು ಕೂತ್ಕೊ. ಇವತ್ತು ನೀನು ಬೆಚ್ಚಗಿರ್ಬೇಕು, ಅಷ್ಟೆ," ಎಂದೆ. ಅನ್ನಪೂರ್ಣಮ್ಮ ಗಂಡನನ್ನು ಮೊಣಕೈಯಿಂದ ತಿವಿದು, "ನೋಡಿ ಕಲೀರಿ" ಎಂದರು.

ಆ ಪ್ರಶಂಸೆಯ ಅಮಲಿನಲ್ಲಿ ಬುಟ್ಟಿ ಹಿಡಿದು, ಮೇಣದಬತ್ತಿಯನ್ನೂ ಬಿಟ್ಟು, ಕತ್ತಲೆಯ ಅಟ್ಟ ಹತ್ತಿದೆ. ಕೈಗೆ ಒಂದು ಗೋಣಿಚೀಲ ತಾಗಿತು. ಒಳಗೆ ಕೈ ಹಾಕಿದೆ. ಹಗುರ, ಒಣಕಲು, ಹಿಚುಕಿದರೆ ಪರಪರ ಎನ್ನುತ್ತಿತ್ತು. ಅಡಿಕೆ ಸಿಪ್ಪೆ ಇನ್ನು ಹೇಗಿರುತ್ತದೆ? ಕೈಗೆ ಉಲ್ಲನ್ ಗ್ಲೌಸು, ಮೂಗಿಗೆ ನೆಗಡಿಯ ಬೀಗ, ಅದರ ಮೇಲೆ ಮಂಕಿಕ್ಯಾಪು, ಅದರ ಮೇಲೆ ಮಫ್ಲರು. ಚಳಿಯ ವಿರುದ್ಧ ನಾನು ತೊಟ್ಟ ಕವಚಗಳೆಲ್ಲ ಸೇರಿ ನನ್ನ ಬುದ್ಧಿಯನ್ನೂ ಬೆಚ್ಚಗೆ ಮುಚ್ಚಿಟ್ಟಿದ್ದವು.

ಬುಟ್ಟಿ ತುಂಬ ತಂದು, ಅತಿಥಿಗಳು "ಸಾಕು, ಸಾಕು" ಎನ್ನುವಷ್ಟರಲ್ಲಿ, ಪೂರ್ತಿ ಅಗ್ಗಿಷ್ಟಿಕೆಗೆ ಸುರಿದೆ. ಅದು ನಮ್ಮ ಅಡಿಗೆಮನೆಗೆ ವರ್ಷಪೂರ್ತಿ ಬೇಕಾಗುವ ಬ್ಯಾಡಗಿ ಮೆಣಸಿನಕಾಯಿ.

ಮೊದಲು ಕೆಮ್ಮಿದವರು ಸಿದ್ದಪ್ಪನವರು. ನಂತರ ಅನ್ನಪೂರ್ಣಮ್ಮ ಸೀನಿದರು. ನನಗೆ ಯಾವ ವಾಸನೆಯೂ ಇಲ್ಲ.

"ಕೆಮ್ಮಿ, ಚೆನ್ನಾಗಿ ಕೆಮ್ಮಿ," ಎಂದು ನಾನು ಡಾಕ್ಟರಂತೆ ಧೈರ್ಯ ತುಂಬಿದೆ. "ಶಾಖ ಒಳಗೆ ಹೋದಾಗ ಎದೇಲಿ ಕೂತ ಚಳಿ ಹೀಗೇ ಹೊರಗೆ ಬರೋದು."

"ಚಳಿ ಅಲ್ಲ ಕಣ್ರೀ... ಮೆಣ... ಮೆಣಸು," ಎಂದು ಸರೋಜ ಸೆರಗಿನೊಳಗಿಂದ ಹೇಳಿದಳು. ಉಳಿದದ್ದನ್ನು ಕೆಮ್ಮಿಯೇ ಹೇಳಿದಳು.

ಅಷ್ಟು ಹೊತ್ತಿಗೆ ನನ್ನ ಕಣ್ಣಿಗೆ ವಿಷಯ ಮುಟ್ಟಿತು. ಮೂಗಿನ ಬೀಗವೂ ಒಡೆಯಿತು. ಮೂರು ದಿನ ಕಷಾಯ ಕುಡಿದರೂ ಬಿಡದ ನೆಗಡಿ ಒಂದೇ ಉಸಿರಿಗೆ ಬಿಟ್ಟಿತು. ಬಾಗಿಲಿಗೆ ಹಾರಿದೆ. ಗೋಣಿಚೀಲ ಕಚ್ಚಿಕೊಂಡು ಬಾಗಿಲು ಅಲ್ಲಾಡಲಿಲ್ಲ. ಸಿದ್ದಪ್ಪನವರು ಕಿಟಕಿಗೆ ಹಾರಿದರು. ಮೈದಾ ಅಂಟಿನ ಗುಣಮಟ್ಟ ಅಷ್ಟು ಚೆನ್ನಾಗಿರುತ್ತದೆಂದು ನನಗೇ ತಿಳಿದಿರಲಿಲ್ಲ. ಕೊನೆಗೆ ಅವರು ಮೂಲೆಯಲ್ಲಿದ್ದ ಕೊಡೆ ತೆಗೆದು, ಕಣ್ಣು ಮುಚ್ಚಿಕೊಂಡು, ಮಾಡಿಗೆ ತಿವಿದರು. ಪ್ಲಾಸ್ಟಿಕ್ ಹರಿದು, ಹಂಚು ಸರಿದು, ಒಂದೆರಡು ಒಡೆದು ಕೆಳಗೆ ಬಿದ್ದವು. ಆ ಕಿಂಡಿಯಲ್ಲಿ ಹುಣ್ಣಿಮೆಯ ಚಂದ್ರ ಕಂಡ. ಸರೋಜ ಬಗ್ಗಿ ಗೋಣಿಚೀಲವನ್ನು ಎರಡೂ ಕೈಯಿಂದ ಕಿತ್ತೆಸೆದಳು. ಬಾಗಿಲು ತೆರೆಯಿತು, ನಾವು ನಾಲ್ವರೂ ಅಂಗಳಕ್ಕೆ ಬಿದ್ದೆವು.

"ನಡೀ, ನಮ್ಮನೆಗೆ ಹೋಗಿ ಮುಖ ತೊಳ್ಕೊಳ್ಳೋಣ," ಎಂದು ಸಿದ್ದಪ್ಪನವರು ಹೆಂಡತಿಯ ಕೈ ಹಿಡಿದು ಓಡಿದರು. ಹೋದದ್ದಕ್ಕಿಂತ ಜೋರಾಗಿ ವಾಪಸ್ ಬಂದರು. ನನ್ನ ತಗಡಿನ ಪೈಪು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತ್ತು. ಘಾಟಿನ ಬಹುಪಾಲು ಅವರ ಕಿಟಕಿಯ ಸಂದಿಯಿಂದ ಒಳಗೆ ಹೋಗಿ, ಹೀಟರ್ ಇಟ್ಟ ಕೋಣೆಯಲ್ಲಿ ಆರಾಮವಾಗಿ ಕೂತಿತ್ತು. ಅಲ್ಲಿಂದ ಆಚೆಯ ಮನೆಗಳಲ್ಲೂ ಕೆಮ್ಮು ಶುರುವಾಯಿತು. ಬೀದಿಯ ತುದಿಯಿಂದ ಯಾರೋ, "ಯಾರ ಮನೇದು ಮಾರಾಯ್ರೆ ಈ ಒಗ್ಗರಣೆ?" ಎಂದು ಕೂಗಿ ಕೇಳಿದರು.

ಸರೋಜ ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಒಳಗೆ ಹೋಗಿ, ಒಂದು ಕೊಡ ನೀರನ್ನು ಅಗ್ಗಿಷ್ಟಿಕೆಗೆ ಸುರಿದಳು. ಬೆಂಕಿ ಆರಿತು. ಬೂದಿ ಎದ್ದು ಹಾಸಿಗೆ, ಕಂಬಳಿ, ಸಿದ್ದಪ್ಪನವರು ಬಿಚ್ಚಿಟ್ಟ ಸ್ವೆಟರ್ ಎಲ್ಲದರ ಮೇಲೂ ಕೂತಿತು. ಆಮೇಲೆ ಘಾಟು ಹೋಗಲೆಂದು ಅಂಟಿಸಿದ್ದ ಪೇಪರನ್ನೆಲ್ಲ ಕೆರೆದು ಕಿತ್ತು, ಎಲ್ಲ ಕಿಟಕಿ, ಎಲ್ಲ ಬಾಗಿಲು ತೆರೆದಿಟ್ಟೆವು. ಮಾಡಿನ ಕಿಂಡಿಯಂತೂ ಮೊದಲೇ ತೆರೆದಿತ್ತು. ಕೊಪ್ಪದ ಇಡೀ ಚಳಿ ಮೆರವಣಿಗೆಯಲ್ಲಿ ನಮ್ಮ ನಡುಮನೆಗೆ ಬಂತು.

ಘಾಟು ಮುಟ್ಟದೆ ಉಳಿದ ಜಾಗ ಒಂದೇ. ಮನೆಯ ಹಿಂದೆ ಬೇರೆಯಾಗಿ ನಿಂತ ಬಚ್ಚಲಮನೆ. ನಾವು ನಾಲ್ವರೂ ಹಂಡೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಸಾಲಾಗಿ ಕೂತೆವು. ಬೆಕ್ಕು ಆಗಲೇ ಅಲ್ಲಿತ್ತು. ಅದು ಸಂಜೆಯಿಂದ ನಡುಮನೆಯ ಕಡೆಗೇ ಸುಳಿದಿರಲಿಲ್ಲ. ಎಲ್ಲರಿಗೂ ಕಣ್ಣಿಂದ, ಮೂಗಿಂದ ನೀರು ಇಳಿಯುತ್ತಿತ್ತು.

"ಬೆಚ್ಚಗಿದೆ," ಎಂದರು ಸಿದ್ದಪ್ಪನವರು ಕೊನೆಗೆ, ಸಜ್ಜನರು. ಸರೋಜ ಕೆನ್ನೆಯ ಬೂದಿ ಒರೆಸಿಕೊಂಡು ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಹೊರಟಳು. ಬಸ್ ಸ್ಟ್ಯಾಂಡಿನವರೆಗೆ ನಾನೇ ಹೊತ್ತು ತಂದೆ. ಶೃಂಗೇರಿ, ಆಗುಂಬೆ ಮೇಲೆ ಉಡುಪಿಗೆ ಹೋಗುವ ಬಸ್ಸು ನಿಂತಿತ್ತು. ಅವಳು ಕಿಟಕಿ ಪಕ್ಕ ಕೂತಳು. ನಾನು ಕೆಳಗೆ ಮಂಕಿಕ್ಯಾಪು ಹಾಕಿಕೊಂಡು ನಿಂತೆ. ನನಗೆ ನಿಜಕ್ಕೂ ಅಳು ಬರುವ ಹಾಗಾಗಿತ್ತು. ಅದು ಮೆಣಸಿನದಲ್ಲ.

"ಸಾರಿಗೆ ಮೆಣಸಿನಕಾಯಿ ಎಲ್ಲಿದೆ?" ಎಂದೆ, ಬೇರೇನೂ ತೋಚದೆ.

"ಅಗ್ಗಿಷ್ಟಿಕೇಲಿ ನೋಡಿ."

ಡ್ರೈವರು ಬೀಡಿ ಎಸೆದು ಹತ್ತಿದ. ಇನ್ನು ತಡಮಾಡಿದರೆ ನನ್ನ ಕಥೆ ಶಿವರಾತ್ರಿಯವರೆಗೆ ಉಪ್ಪಿಟ್ಟು. ಕೊನೆಯ ಅಸ್ತ್ರ ತೆಗೆದೆ. ಕಿಟಕಿಗೆ ಮುಖ ಹತ್ತಿರ ತಂದು, ಪಿಸುದನಿಯಲ್ಲಿ ಹೇಳಿದೆ.

"ಸರೋಜ, ಇದು ನನ್ನ ತಪ್ಪಲ್ಲ ಮಾರಾಯ್ತಿ. ನೀನೇ ಯೋಚ್ನೆ ಮಾಡು. ಎಲ್ಲ ಎಷ್ಟು ಚೆನ್ನಾಗಿ ನಡೀತಿತ್ತು. ಸಿದ್ದಪ್ಪಣ್ಣ ಸ್ವೆಟರ್ ಬಿಚ್ಚಿ ಹೊಗಳಿದ್ದೇ ತಡ, ಎಲ್ಲ ಕೆಟ್ಟೋಯ್ತು. ನಮ್ಮ ಮನೆ ಮೇಲೆ ಇಡೀ ಬೀದಿ ದೃಷ್ಟಿ ಬಿದ್ದಿದೆ."

ಸರೋಜ ನಿನ್ನೆ ಸಂಜೆಯಿಂದ ಮೊದಲ ಬಾರಿಗೆ ನಕ್ಕಳು. ಬಸ್ಸು ಚಲಿಸಿತು. ಅವಳು ತಲೆ ಹೊರಗೆ ಹಾಕಿ, ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ದೃಷ್ಟಿ ಬಿದ್ದಿದ್ರೆ ಘಾಟು ಬರಬಾರ್ದಿತ್ತು ಮಾರಾಯ್ರೆ. ನೀವು ಒಂದು ಬುಟ್ಟಿ ಮೆಣಸು ಸುಟ್ಟು, ಬೀದಿಗೆ ಬೀದಿನೇ ಕೆಮ್ಮಿದೆ. ಇನ್ನೆಂತ ಸಾಕ್ಷಿ ಬೇಕು? ನಮ್ಮ ಮನೆ ಮೇಲೆ ಈ ಊರಲ್ಲಿ ಒಬ್ಬರ ಕಣ್ಣೂ ಬಿದ್ದಿಲ್ಲ. ಧೈರ್ಯವಾಗಿ ಹೋಗಿ ಉಪ್ಪಿಟ್ಟು ಮಾಡ್ಕೊಳ್ಳಿ."