ಮೆತೋದಿ ಮೇಷ್ಟ್ರ ಭಿನ್ನರಾಶಿ

ಅರ್ಧಕ್ಕೆ ಮೂರರಲ್ಲೊಂದು ಭಾಗ ಕೂಡಿದರೆ ಐದರಲ್ಲೆರಡು ಆಗುವುದಿಲ್ಲ ಎಂಬ ಸಂಗತಿಯನ್ನು ಮೆತೋದಿ ಮೇಷ್ಟ್ರು ಎಷ್ಟು ವರ್ಷಗಳಿಂದ ನಾಲ್ಕನೇ ತರಗತಿಗೆ ಹೇಳುತ್ತ ಬಂದಿದ್ದರೋ ಅವರಿಗೇ ಮರೆತುಹೋಗಿತ್ತು. ಮಕ್ಕಳು ಬದಲಾಗುತ್ತಿದ್ದರು, ತಪ್ಪು ಬದಲಾಗುತ್ತಿರಲಿಲ್ಲ. ಮೇಲಿನ ಒಂದಕ್ಕೆ ಮೇಲಿನ ಒಂದು, ಕೆಳಗಿನ ಎರಡಕ್ಕೆ ಕೆಳಗಿನ ಮೂರು. ಅಪ್ಪ ಮಾಡಿದ್ದನ್ನೇ ಮಗ, ಅಮ್ಮ ಮಾಡಿದ್ದನ್ನೇ ಮಗಳು. ಆ ಅಪ್ಪ ಅಮ್ಮಂದಿರಿಗೂ ಕಲಿಸಿದವರು ಇದೇ ಮೇಷ್ಟ್ರಾದ್ದರಿಂದ ಯಾರನ್ನೂ ದೂರುವಂತಿರಲಿಲ್ಲ.

ಅಂದು ಡ್ಯಾನ್ಯೂಬ್ ನದಿಯ ಕಡೆಯಿಂದ ಬೀಸುವ ಗಾಳಿ ತರಗತಿಯ ಕಿಟಕಿಗಳನ್ನು ಅಲುಗಾಡಿಸುತ್ತಿತ್ತು. ಪುಸ್ತಕದ ಲೆಕ್ಕ ಒಂದು ತೊಟ್ಟಿ, ಎರಡು ನಲ್ಲಿ. ಮಕ್ಕಳ ಮುಖಗಳು ತಣ್ಣಗಾದ ಸೂಪಿನಂತಿದ್ದವು. ಮೇಷ್ಟ್ರಿಗೂ ಆ ತೊಟ್ಟಿ ತುಂಬಿದರೇನು ಬಿಟ್ಟರೇನು ಎನಿಸಿತು. ಪುಸ್ತಕ ಮುಚ್ಚಿದರು.

"ಒಬ್ಬಳು ಅಜ್ಜಿ ಬಾನಿತ್ಸಾ ಮಾಡಿದಳು," ಎಂದರು.

ಒಲೆಯಲ್ಲಿ ಬೇಯಿಸುವ ಆ ಪದರು ಪದರಿನ ತಿಂಡಿಯ ಹೆಸರು ಕೇಳಿ ತರಗತಿ ಎಚ್ಚೆತ್ತಿತು.

"ಚೀಸು ತುಂಬಿದ್ದಾ, ಕುಂಬಳಕಾಯಿದಾ ಮೇಷ್ಟ್ರೇ?" ಎಂದಳು ಮುಂದಿನ ಬೆಂಚಿನ ಕಾಲಿನಾ.

"ಚೀಸಿಂದು. ಅರ್ಧ ಮಗನಿಗೆ ಕೊಟ್ಟಳು, ಮೂರರಲ್ಲೊಂದು ಸೊಸೆಗೆ ಕೊಟ್ಟಳು. ಅಜ್ಜಿ ಹತ್ರ ಉಳಿದದ್ದೆಷ್ಟು?"

"ಅಜ್ಜಿ ಹೆಸರೇನು?"

ಇಷ್ಟು ವರ್ಷಗಳಲ್ಲಿ ತೊಟ್ಟಿಯ ಹೆಸರನ್ನು ಯಾರೂ ಕೇಳಿರಲಿಲ್ಲ. ಆ ದಿನ ಬೆಳಿಗ್ಗೆ ಮೇಷ್ಟ್ರನ್ನು ಎಬ್ಬಿಸಿದ್ದು ಪಕ್ಕದ ಮನೆಯ ಮುದುಕಿ ಕೋಳಿಗಳನ್ನು ಬೈಯುತ್ತಿದ್ದ ಸದ್ದು. ದಣಿದ ತಲೆಗೆ ಅವಳದಲ್ಲದೆ ಬೇರೆ ಹೆಸರು ಹೊಳೆಯಲಿಲ್ಲ.

"ಗಿನ್ಕಾ," ಎಂದುಬಿಟ್ಟರು.

ಮಕ್ಕಳು ಆ ಲೆಕ್ಕವನ್ನು ಉತ್ಸಾಹದಿಂದ ಬರೆದುಕೊಂಡರು. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವಾಗ ಅದನ್ನೂ ಜೊತೆಗೆ ಒಯ್ದರು.

ಊಟದ ಹೊತ್ತಿಗೆ ಮೇಷ್ಟ್ರು ಬ್ರೆಡ್ಡು ತರಲು ಬೇಕರಿಗೆ ಹೋದರು. ಅಲ್ಲಿ ಬ್ರೆಡ್ಡು ಮಾರುವವಳು ರಾದ್ಕಾ, ಗಿನ್ಕಜ್ಜಿಯ ಒಬ್ಬಳೇ ಸೊಸೆ. ಬ್ರೆಡ್ಡನ್ನು ಮೇಜಿನ ಮೇಲಿಟ್ಟಳು, ಆದರೆ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಅರ್ಧ ನನ್ನ ಗಂಡನಿಗೆ, ಮೂರರಲ್ಲೊಂದು ನನಗೆ. ಸರಿನಾ ಮೇಷ್ಟ್ರೇ?"

"ಅದು ಬರೀ ಲೆಕ್ಕ ಕಣಮ್ಮ."

"ನಾನೂ ಲೆಕ್ಕಾನೇ ಕೇಳ್ತಿರೋದು. ಎದುರುಮನೆ ಹುಡುಗಿ ಮಾಡಿ ತೋರಿಸಿದ್ಲು. ನಮ್ಮಿಬ್ಬರಿಗೂ ಸೇರಿ ಐದರಲ್ಲೆರಡು. ಅತ್ತೆ ಹತ್ರ ಉಳಿದದ್ದು ಐದರಲ್ಲಿ ಮೂರು. ನಾನು ಮದುವೆಯಾಗಿ ಬಂದಾಗಿಂದ ಬಾಯಿ ಬಡ್ಕೋತಿದೀನಿ, ದೊಡ್ಡ ಪಾಲೆಲ್ಲ ಪ್ಲೋವ್ದಿವ್‌ ಪಟ್ಟಣದಲ್ಲಿರೋ ಅವರ ಮಗಳಿಗೆ ಹೋಗುತ್ತೆ ಅಂತ. ಯಾರೂ ನಂಬ್ತಿರಲಿಲ್ಲ."

"ಐದರಲ್ಲಿ ಮೂರಲ್ಲಮ್ಮ, ಉಳಿಯೋದು ಆರರಲ್ಲೊಂದು ಮಾತ್ರ."

"ಆರರಲ್ಲೊಂದು ಪ್ಲೋವ್ದಿವ್‌ಗೆ ಹೋಗುತ್ತೆ ಅಂತ ನೀವೇ ಒಪ್ಕೊಂಡ ಹಾಗಾಯ್ತು."

"ಆ ಬಾನಿತ್ಸಾನೇ ಇಲ್ಲಮ್ಮ."

"ಹೌದು, ನಮ್ಮನೇಲಿ ಇರಲ್ಲ," ಎಂದಳು ರಾದ್ಕಾ, ಬ್ರೆಡ್ಡಿನ ಮೇಲಿಂದ ಕೈ ತೆಗೆಯುತ್ತ.

ಮೇಷ್ಟ್ರು ಬ್ರೆಡ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶಾಲೆಗೆ ಮರಳಿದರೆ, ಗೇಟಿನ ಹತ್ತಿರ ಗಿನ್ಕಜ್ಜಿ ಊರುಗೋಲು ನೆಟ್ಟುಕೊಂಡು ನಿಂತಿದ್ದಳು. ಗಾಳಿಗೆ ಅವಳ ಕಪ್ಪು ತಲೆವಸ್ತ್ರ ಪಟಪಟ ಹೊಡೆದುಕೊಳ್ಳುತ್ತಿತ್ತು.

"ನಾನು ನಿಂಗೇನಪ್ಪ ಅನ್ಯಾಯ ಮಾಡಿದ್ದೆ, ಮೆತೋದಿ?"

"ಅಜ್ಜಿ, ಸೊಸೆಗೆ ನೀವು ಕಡಿಮೆ ಕೊಡ್ತೀರಿ ಅಂತ ನಾನು ಹೇಳೇ ಇಲ್ಲ..."

"ಕಡಿಮೆನಾ? ಮೂರರಲ್ಲೊಂದು ಕೊಟ್ಟೆ ಅಂದಿದೀಯಲ್ಲೋ. ಅವಳಿಗೆ ಅಷ್ಟು ಯಾಕೆ ಕೊಡ್ಲಿ ನಾನು? ಈಗ ಬೇಕರಿ ಬಾಗಿಲಲ್ಲಿ ನಿಂತ್ಕೊಂಡು, ಮೇಷ್ಟ್ರೇ ಹೇಳಿದಾರೆ, ನನ್ನ ಮೂರರಲ್ಲೊಂದು ಎಲ್ಲಿ ಅಂತ ಕೇಳ್ತಿದಾಳೆ. ನಮ್ಮಿಬ್ಬರ ಜಗಳದಲ್ಲಿ ನನ್ನ ಮಗ ಊಟ ಇಲ್ಲದೆ ಕೆಲಸಕ್ಕೆ ಹೋದ."

ಮೇಷ್ಟ್ರು ಆ ಮಗನಿಗೆ ಕೊಡಿ ಎಂದು ಕಂಕುಳಲ್ಲಿದ್ದ ಬ್ರೆಡ್ಡನ್ನು ಮುಂದೆ ಚಾಚಿದರು. ಗಿನ್ಕಜ್ಜಿ ಇಸಿದುಕೊಂಡು ಹೋದಳು. ಮೇಷ್ಟ್ರ ಊಟವೂ ಅಲ್ಲಿಗೆ ಮುಗಿಯಿತು.

ಮಹಡಿಯ ಕಿಟಕಿಯಿಂದ ಇದನ್ನೆಲ್ಲ ಕೇಳಿಸಿಕೊಂಡ ಮುಖ್ಯೋಪಾಧ್ಯಾಯಿನಿ ಸ್ಟೆಫ್ಕಾ ಮೇಷ್ಟ್ರನ್ನು ಕರೆಸಿದರು. ಸ್ಟೆಫ್ಕಾ ಎಂದೂ ದನಿಯೇರಿಸುವವರಲ್ಲ. ಅದೇ ಹೆಚ್ಚು ಕಷ್ಟ.

"ಮೆತೋದಿ ಅವರೇ, ಅಜ್ಜಿಯರು ಬೇಡ. ತಿಂಡಿ ಬೇಡ. ಹೆಸರಂತೂ ಬೇಡವೇ ಬೇಡ. ಮಕ್ಕಳು ಸಂಜೆ ಮನೆಗೆ ಹೋಗೋದ್ರೊಳಗೆ ಬೇರೆ ಲೆಕ್ಕ ಕೊಟ್ಟಿರಿ."

"ತೊಟ್ಟಿ ಲೆಕ್ಕ ಇದೆಯಲ್ಲ ಮೇಡಂ."

"ಹೋದ ವರ್ಷ ನಿಮ್ಮ ತೊಟ್ಟಿ ಲೆಕ್ಕಕ್ಕೆ ತಾಯಂದಿರು ಗೋಳಾಡಿದ್ದು ಮರೆತ್ರಾ? ಸುಲಭದ್ದು ಏನಾದ್ರೂ ಕೊಡಿ."

ಮಧ್ಯಾಹ್ನದ ಅಭ್ಯಾಸದ ಅವಧಿಯಲ್ಲಿ ಮೇಷ್ಟ್ರು ಬಾನಿತ್ಸಾ ಅಳಿಸಿದರು. ಹಸಿದ ಹೊಟ್ಟೆಗೆ ಅದನ್ನು ಅಳಿಸಲು ತುಸು ಬೇಜಾರೇ ಆಯಿತು. ತಿಂಡಿಯಲ್ಲದ್ದು, ಅಜ್ಜಿಯಿಲ್ಲದ್ದು, ಹೆಸರಿಲ್ಲದ್ದು ಯಾವುದೆಂದು ಯೋಚಿಸಿ ಒಂದು ಪೀಪಾಯಿ ಬರೆದರು. ಪೀಪಾಯಿ ತುಂಬ ವೈನು. ಒಬ್ಬ ಮನುಷ್ಯ ಮೊದಲ ತಿಂಗಳು ಅದರಲ್ಲಿ ಕಾಲು ಭಾಗ ಖಾಲಿ ಮಾಡಿದ, ಮರುತಿಂಗಳು ಇಡೀ ಪೀಪಾಯಿಯ ಮೂರರಲ್ಲೊಂದು. ಒಟ್ಟು ಎಷ್ಟು ಖಾಲಿಯಾಯಿತು?

"ಡೋಚೊ ಮಾಮನ ಪೀಪಾಯಿನಾ ಮೇಷ್ಟ್ರೇ?" ಎಂದಳು ಕಾಲಿನಾ. ತರಗತಿಯೆಲ್ಲ ನಕ್ಕಿತು.

ಡೋಚೊ ಊರಿನ ಬಸ್ಸಿನ ಡ್ರೈವರು. ಮಗಳ ಮದುವೆಗೆಂದು ಅವನ ಹೆಂಡತಿ ತೊಡೊರ್ಕಾ ನೆಲಮಾಳಿಗೆಯಲ್ಲಿ ಬೀಗ ಹಾಕಿಟ್ಟಿದ್ದ ಪೀಪಾಯಿ ಎಲ್ಲರಿಗೂ ಗೊತ್ತಿದ್ದದ್ದೇ.

"ಯಾರ ಪೀಪಾಯಿಯೂ ಅಲ್ಲ," ಎಂದರು ಮೇಷ್ಟ್ರು. ದಣಿವಿಗೆ ದನಿ ತಗ್ಗಿತ್ತು. ಮಕ್ಕಳಿಗೆ ಅದು ಗುಟ್ಟು ಮುಚ್ಚಿಡುವವರ ದನಿಯಂತೆ ಕೇಳಿಸಿತು.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಈರುಳ್ಳಿ ಕೊಳ್ಳಲು ಮೇಷ್ಟ್ರು ಕಿರಾಣಿ ಅಂಗಡಿಗೆ ಕಾಲಿಟ್ಟರು. ಅಂಗಡಿ ತೊಡೊರ್ಕಾಳದು. ಒಳಗೆ ಹಿಟ್ಟಿನ ಮೂಟೆಗಳ ನಡುವೆ ಡೋಚೊ ಇನ್ನೊಂದು ಮೂಟೆಯಂತೆ ನಿಂತಿದ್ದ. ಮೇಷ್ಟ್ರನ್ನು ಕಂಡು ಹತ್ತಿರ ಬಂದು ಪಿಸುಗುಟ್ಟಿದ.

"ನಾನು ಒಪ್ಕೊಂಡುಬಿಟ್ಟೆ ಮೇಷ್ಟ್ರೇ. ಮಕ್ಕಳು ಹೇಳಿದ ಹಾಗೆ ಏಳರಲ್ಲೆರಡು ಭಾಗ ಕುಡಿದಿದೀನಿ ಅಂತ. ಬೈದ್ಲು, ಅತ್ಲು, ಈಗ ಸಮಾಧಾನ ಆಗಿದಾಳೆ. ನಿಮಗೆ ಯಾರು ಹೇಳಿದ್ದು ಅಂತಾನೂ ನಾನು ಕೇಳಲ್ಲ. ಇಲ್ಲಿಗೆ ಬಿಟ್ಟುಬಿಡಿ."

ಆಗ ಈರುಳ್ಳಿ ತಗೊಂಡು ಸುಮ್ಮನೆ ಹೊರಟುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ತಪ್ಪು ಉತ್ತರ ಕಿವಿಗೆ ಬಿದ್ದರೆ ಮೇಷ್ಟ್ರಿಗೆ ಬೂಟಿನೊಳಗೆ ಕಲ್ಲು ಸಿಕ್ಕಂತಾಗುತ್ತಿತ್ತು. ಅಷ್ಟು ವರ್ಷಗಳ ಅಭ್ಯಾಸ.

"ಏಳರಲ್ಲೆರಡು ಹೇಗಾಗುತ್ತಯ್ಯ?" ಎಂದರು. "ಛೇದ ಸಮ ಮಾಡ್ಕೊಳ್ಳದೆ ಕೂಡಬಾರದು ಅಂತ ನಿನಗೂ ಹೇಳಿಕೊಟ್ಟಿದ್ದೆ. ಕಾಲೂ ಮೂರರಲ್ಲೊಂದೂ ಸೇರಿದ್ರೆ ಹನ್ನೆರಡರಲ್ಲಿ ಏಳು."

ತಕ್ಕಡಿಯ ಮುಂದೆ ಈರುಳ್ಳಿ ಆರಿಸುತ್ತಿದ್ದ ತೊಡೊರ್ಕಾಳ ಕೈ ನಿಂತಿತು.

"ಹನ್ನೆರಡರಲ್ಲಿ ಏಳು ಅಂದ್ರೆ ಅರ್ಧಕ್ಕಿಂತ ಕಡಿಮೆನಾ ಮೇಷ್ಟ್ರೇ, ಹೆಚ್ಚಾ?"

ಡೋಚೊ ಕಣ್ಣಲ್ಲೇ ಬೇಡಿಕೊಂಡ. ಮೇಷ್ಟ್ರು ಸುಳ್ಳು ಹೇಳಲು ಪ್ರಯತ್ನಪಟ್ಟರು. ನಾಲಿಗೆ ಏಳಲಿಲ್ಲ.

"ಹೆಚ್ಚು," ಎಂದರು.

ತೊಡೊರ್ಕಾ ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದಳು. ಕೆಳಗಿನಿಂದ ಪೀಪಾಯಿಯನ್ನು ಬೆರಳಿನಿಂದ ಕುಟ್ಟುವ ಸದ್ದು ಕೇಳಿಸಿತು. ಮೇಲಿಂದ ಕೆಳಗೆ ಕುಟ್ಟುತ್ತ ಬಂದಳು. ಬಹಳ ಕೆಳಗೆ ಬರುವವರೆಗೂ ಸದ್ದು ಟೊಳ್ಳಾಗಿಯೇ ಇತ್ತು.

"ನಾಳೆಯಿಂದ ನನ್ನ ಬಸ್ಸು ಹತ್ತಬೇಡಿ ಮೇಷ್ಟ್ರೇ," ಎಂದ ಡೋಚೊ ಮೆಲ್ಲಗೆ.

ಈರುಳ್ಳಿಯಿಲ್ಲದೆ ಬೀದಿಗೆ ಬಂದಾಗ ಜೇಬಿನಲ್ಲಿ ಫೋನು ಗುರುಗುಟ್ಟಿತು. ಸ್ಟೆಫ್ಕಾ.

"ತೊಡೊರ್ಕಾ ಈಗ ಅಳ್ತಾ ಫೋನ್ ಮಾಡಿದ್ರು. ಮೆತೋದಿ ಅವರೇ, ಅಜ್ಜಿಯೂ ಬೇಡ, ಮನುಷ್ಯನೂ ಬೇಡ, ಪೀಪಾಯಿಯೂ ಬೇಡ. ಬರೀ ಅಂಕಿ ಕೊಡಿ. ಅಂಕಿಗಳಿಗೆ ಯಾರೂ ನೆಂಟರಿರಲ್ಲ."

ಮಾತು ಮೇಷ್ಟ್ರಿಗೆ ಹಿಡಿಸಿತು. ದೀಪದ ಕಂಬದ ಕೆಳಗೆ ನಿಂತು ತಾಯಿತಂದೆಯರ ಫೋನ್ ಗುಂಪಿಗೆ ಬರೆದು ಕಳಿಸಿದರು: ಹಿಂದಿನ ಲೆಕ್ಕಗಳನ್ನು ಬಿಟ್ಟುಬಿಡುವುದು. ಮುಕ್ಕಾಲಿನಿಂದ ಮೂರರಲ್ಲೊಂದನ್ನು ಕಳೆಯಿರಿ. ಅಷ್ಟೇ. ಅದಕ್ಕೆ ಸೊಸೆಯಿರಲಿಲ್ಲ, ನೆಲಮಾಳಿಗೆಯಿರಲಿಲ್ಲ. ಮೇಷ್ಟ್ರಿಗೆ ಹೆಗಲು ಹಗುರಾದಂತಾಯಿತು.

ಮನೆಯಲ್ಲಿ ಹೆಂಡತಿ ನೆವೆನಾ ಹುರುಳಿಕಾಯಿ ಸೂಪು ಬಡಿಸಿದಳು. ನೆವೆನಾ ಮಾತು ಕಡಿಮೆ, ಕಿವಿ ಹೆಚ್ಚು. ಮೇಷ್ಟ್ರು ಚಮಚ ಎತ್ತುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಗಿನ್ಕಜ್ಜಿ ಮತ್ತು ರಾದ್ಕಾ. ಮಧ್ಯಾಹ್ನ ಒಬ್ಬರ ಮುಖ ಒಬ್ಬರು ನೋಡದಿದ್ದವರು ಈಗ ಒಂದೇ ಶಾಲು ಹೊದ್ದುಕೊಂಡು ಬಂದಿದ್ದರು. ಅವರ ಹಿಂದೆ ಬೀದಿಯಲ್ಲಿ ಇನ್ನೂ ಒಂದಷ್ಟು ಜನ.

"ಯಾರದೋ ಅದು, ಮೆತೋದಿ?" ಎಂದಳು ಗಿನ್ಕಜ್ಜಿ.

"ಯಾವುದು?"

"ಮುಕ್ಕಾಲು."

"ಯಾರದೂ ಅಲ್ಲ ಅಜ್ಜಿ. ಅಂಕಿ ಅದು."

"ನನ್ನ ಹೆಸರು ಹಾಕೋಕೆ ನಿನಗೆ ಕೈ ನಡುಗಲಿಲ್ಲ. ಡೋಚೊನ ಹೆಸರು ಹಾಕದಿದ್ರೂ ಗೊತ್ತಾಗೋ ಹಾಗೆ ಬರೆದೆ. ಇವನದು ಹೆಸರೂ ಇಲ್ಲ, ವಸ್ತುನೂ ಇಲ್ಲ. ಅಷ್ಟು ಹೆದರ್ತೀಯಾ ಅಂದ್ರೆ ಯಾರೋ ದೊಡ್ಡ ಮನುಷ್ಯನೇ ಇರಬೇಕು."

"ಉತ್ತರ ನೋಡಿದ್ರೇ ಗೊತ್ತಾಗುತ್ತಲ್ಲತ್ತೆ," ಎಂದಳು ರಾದ್ಕಾ. "ಮಕ್ಕಳೆಲ್ಲ ಮಾಡಿದಾರೆ. ಮೇಲೆ ಮೂರರಲ್ಲಿ ಒಂದು ಹೋದ್ರೆ ಎರಡು. ಕೆಳಗೆ ನಾಲ್ಕರಲ್ಲಿ ಮೂರು ಹೋದ್ರೆ ಒಂದು. ಎರಡರ ಕೆಳಗೆ ಒಂದು, ಅಂದ್ರೆ ಪೂರ್ತಿ ಎರಡು. ಅವನ ಹತ್ರ ಮೊದಲು ಒಂದೂ ಇರಲಿಲ್ಲ, ಮುಕ್ಕಾಲಿತ್ತು. ಅದರಲ್ಲೂ ಯಾರಿಗೋ ಕೊಟ್ಟ. ಕೊಟ್ಟ ಮೇಲೆ ಅವನ ಹತ್ರ ಎರಡಿದೆ. ಎಲ್ಲಿಂದ ಬಂತು ಮೇಷ್ಟ್ರೇ?"

ಬೀದಿಯಲ್ಲಿದ್ದವರು "ಹೌದು, ಎಲ್ಲಿಂದ ಬಂತು?" ಎಂದರು.

ಮೇಷ್ಟ್ರು ಬಾಯಿ ತೆರೆದರು. ಛೇದ, ಲ.ಸಾ.ಅ. ಎಂದೆಲ್ಲ ಏನೋ ಹೇಳಹೊರಟರು. ಅಷ್ಟರಲ್ಲಿ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಮೇಯರ್ ಬೊಝಿಲ್ ಬರುತ್ತಿದ್ದರು. ಎಲ್ಲರೂ ಮನೆಗೆ ಹೋಗಿ ಎಂದು ಹೇಳಿ, ಒಳಗೆ ಬಂದು, ಬಾಗಿಲು ತಾವೇ ಹಾಕಿಕೊಂಡು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಎರಡು ಅಂತ ಊರೆಲ್ಲ ಮಾತಾಡ್ತಿದೆ ಮೇಷ್ಟ್ರೇ."

"ಎರಡಲ್ಲ," ಎಂದರು ಮೇಷ್ಟ್ರು ಸೋತ ದನಿಯಲ್ಲಿ.

ಮೇಯರ ಮುಖ ಅರಳಿತು. "ಅದನ್ನೇ ನಾನೂ ಹೇಳೋದು. ಎರಡು ಅನ್ನೋದು ಶುದ್ಧ ಸುಳ್ಳು."

"ಸರಿಯಾದ ಉತ್ತರ ಹನ್ನೆರಡರಲ್ಲಿ ಐದು."

ಟೋಪಿ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಮೇಯರ್ ಅದನ್ನು ಎತ್ತಿಕೊಳ್ಳಲಿಲ್ಲ.

"ಹನ್ನೆರಡರಲ್ಲಿ ಐದು ಅನ್ನೋದೂ ಗೊತ್ತಾಯ್ತಾ ನಿಮಗೆ?" ಎಂದರು. "ನದಿ ದಂಡೆಯ ಹನ್ನೆರಡು ಸೈಟುಗಳನ್ನೂ ಊರಿನ ಹೊಸ ದಂಪತಿಗಳಿಗೆ ಹಂಚಬೇಕಿತ್ತು, ನಿಜ. ಅದರಲ್ಲಿ ಐದು ನಮ್ಮನೆಯವರ ಹೆಸರಿಗಾಗಿದೆ ಅನ್ನೋದು ನನಗೂ ನನ್ನ ಭಾವಮೈದನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಯಾರು ಬಾಯಿ ಬಿಟ್ಟಿದ್ದು? ಅವನೇ ಕುಡಿದು ಹೇಳಿದ್ನಾ?"

"ಯಾರೂ ಹೇಳಿಲ್ಲ. ನಾಲ್ಕಕ್ಕೂ ಮೂರಕ್ಕೂ ಸಮ ಛೇದ ತಗೊಂಡ್ರೆ ಹನ್ನೆರಡು ಬರುತ್ತೆ..."

"ನಾಲ್ಕು ಯಾರು, ಮೂರು ಯಾರು ಅಂತ ನಾನು ವಿಚಾರಿಸ್ಕೋತೀನಿ." ಮೇಯರ್ ಎದ್ದು ನಿಂತು, ಟೋಪಿ ಎತ್ತಿಕೊಂಡು ಧೂಳು ಕೊಡವಿದರು. "ನೋಡಿ ಮೇಷ್ಟ್ರೇ, ಗುಡ್ಡದ ಮೇಲಿನ ಶಾಲೆಗೆ ಮೇಷ್ಟ್ರು ಸಿಗ್ತಿಲ್ಲ. ಬಸ್ಸು ಹೋಗಲ್ಲ. ಒಲೆಗೆ ಸೌದೆ ನೀವೇ ಒಡ್ಕೋಬೇಕು. ನಿಮ್ಮ ವಯಸ್ಸಿಗೆ ಅದು ಒಳ್ಳೇದಲ್ಲ. ಈ ಮಾತು ಈ ಮನೆ ದಾಟಬಾರದು. ದಾಟಿದ್ರೆ ನೀವೂ ಈ ಊರು ದಾಟ್ತೀರಿ."

"ದಾಟಲ್ಲ," ಎಂದರು ಮೇಷ್ಟ್ರು. ಆ ದಿನ ಅವರಿಗೆ ಕಷ್ಟವಿಲ್ಲದೆ ಆಡಲು ಬಂದ ಮಾತು ಅದೊಂದೇ. ಹೇಳಲು ಅವರಲ್ಲಿ ತ್ರಾಣವೂ ಇರಲಿಲ್ಲ, ಕೇಳುವವರೂ ಇರಲಿಲ್ಲ.

ಮೇಯರ್ ಹೋದರು. ಸೂಪಿನ ಮೇಲೆ ಕೆನೆ ಕಟ್ಟಿತ್ತು. ಮೇಷ್ಟ್ರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಒಲೆಯ ಪಕ್ಕದಿಂದ ನೆವೆನಾಳ ದನಿ ಕೇಳಿತು.

"ಹನ್ನೆರಡರಲ್ಲಿ ಐದು ಹೋದ್ರೆ ಏಳು."

ಬೆಳಗಿನಿಂದ ಆ ಊರಿನಲ್ಲಿ ತಮ್ಮನ್ನು ಬಿಟ್ಟು ಬೇರೆ ಯಾರಾದರೂ ಸರಿಯಾಗಿ ಮಾಡಿದ ಮೊದಲ ಕಳೆಯುವ ಲೆಕ್ಕ ಅದು. ದಣಿದ ಎದೆಯಲ್ಲಿ ಎಲ್ಲೋ ಸ್ವಲ್ಪ ಹೆಮ್ಮೆ ಮೂಡಿತು.

"ಸರಿಯಾಗಿ ಹೇಳಿದೆ," ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ.

ಕಣ್ಣು ಬಿಟ್ಟು ನೋಡಿದರೆ ಒಲೆಯ ಪಕ್ಕ ಯಾರೂ ಇರಲಿಲ್ಲ, ಗೂಟದ ಮೇಲಿನ ಶಾಲೂ ಇರಲಿಲ್ಲ. ಗೋಡೆಯಾಚೆ ಪಕ್ಕದ ಮನೆಯ ಬಾಗಿಲು ತೆರೆದುಕೊಂಡಿತು. ಮಾತು ಕಡಿಮೆಯ ನೆವೆನಾ ಒಂದೇ ಉಸಿರಿನಲ್ಲಿ ವಿಚಾರಿಸುತ್ತಿದ್ದಳು:

"ಗಿನ್ಕಜ್ಜಿ, ನದಿ ದಂಡೇಲಿ ಐದು ಮೇಯರ ಮನೆಯವರದಂತೆ. ಉಳಿದ ಏಳು ಯಾರದಿರಬಹುದು ಅಂತೀರಿ?"