‘ಬನ್ನಿ’ ಅನ್ನದ ಬಾಗಿಲು

ಹೊಸಕೋಟೆಯ ದೊಡ್ಡ ಬಟ್ಟೆ ಅಂಗಡಿ ಮುಂದೆ ಹೂವು ಕಟ್ಟಿಕೊಂಡು ಕೂರೋ ನನಗೆ ದಿನಕ್ಕೊಂದು ನಗು ಪುಕ್ಕಟೆ. ಅಂಗಡಿಯದು ಗಾಜಿನ ಬಾಗಿಲು. ತಾನೇ ತೆರೀತದೆ, ತಾನೇ ಮುಚ್ಚುತ್ತದೆ. ತೆರೆದಾಗಲೆಲ್ಲ ಒಳಗಿನ ತಣ್ಣನೆ ಗಾಳಿ ಮಲ್ಲಿಗೆ ಮೊಗ್ಗಿನ ಮೇಲೆ ಸುಳಿದು ನನಗೆ ತೂಕಡಿಕೆ ತರ್ತದೆ. ಅರೆಗಣ್ಣಲ್ಲೇ ಎಲ್ಲಾ ನೋಡ್ತೀನಿ. ನಮ್ಮಣ್ಣನ ಮೊಮ್ಮಗಳ ಮದುವೆ ಮುರಿದು ಬೀಳೋ ಹಂಗಾಗಿದ್ದೂ ಇದೇ ಬಾಗಿಲಲ್ಲಿ.

ಕರೀ ಕಣ್ಣು

ಮೊದಲ ದಿನ ವಾಚ್‌ಮನ್‌ನ ಕೇಳಿದೆ, "ಯಾರಪ್ಪಾ ತೆಗೆಯೋದು?"

"ಮೇಲೆ ಕರೀ ಡಬ್ಬಿ ಇದೆ ನೋಡಜ್ಜಿ, ಸೆನ್ಸರು. ಮುಂದೆ ಏನಾದ್ರೂ ಅಲ್ಲಾಡಿದ್ರೆ ಅದಕ್ಕೆ ಗೊತ್ತಾಗ್ತದೆ, ಮೋಟ್ರು ಬಾಗಿಲು ಎಳೀತದೆ."

"ಬಂದೋರು ಬಡವರೋ ಸಾವ್ಕಾರ್ರೋ ನೋಡಲ್ವಾ?"

"ಇಲ್ಲ."

"ಹಂಗಾದ್ರೆ ನಿನಗಿಂತ ವಾಸಿ."

ಮರ್ಯಾದೆ

ಸಮೇತನಹಳ್ಳಿ ಕಡೆಯ ಮೀಸೆ ಯಜಮಾನರೊಬ್ಬರು ಎದೆ ಉಬ್ಬಿಸಿಕೊಂಡು ಮೂರು ಸಲ ಒಳಗೆ ಹೊರಗೆ ಓಡಾಡಿದರು. "ನೋಡೇ, ನಮ್ಮೂರಲ್ಲಿ ಇಷ್ಟು ಮರ್ಯಾದೆ ಯಾರು ಕೊಡ್ತಾರೆ?"

ಹೆಂಡತಿ ಅಂದಳು, "ಈಗ ತಾನೇ ನಾಯಿಗೂ ತೆರೀತು. ಬನ್ನಿ."

ಯಾರೂ ಇಲ್ಲದಾಗ

ಒಂದೊಂದು ಮಧ್ಯಾಹ್ನ ಎದುರಿಗೆ ಯಾರೂ ಇರಲ್ಲ, ಬಾಗಿಲು ಸುಮ್ಮನೆ ತೆರೀತದೆ. ತೀರಿಕೊಂಡ ನಮ್ಮ ಯಜಮಾನ್ರು ಬಂದ್ರೇನೋ ಅಂತ ನಿದ್ದೆಗಣ್ಣಲ್ಲೇ ಪಕ್ಕಕ್ಕೆ ಸರೀತೀನಿ. ಆಮೇಲೆ ನೆನಪಾಗ್ತದೆ. ಸೀರೆ ಅಂಗಡಿ ಅಂದ್ರೆ ಆ ಮನುಷ್ಯ ಆ ಕಡೆ ತಲೆ ಹಾಕಿ ಮಲಗ್ತಿರಲಿಲ್ಲ.

ಸೀರೆ ತೆಗೆಯೋ ದಿನ

ಗಂಡಿನ ತಾಯಿ ಆಗಲೇ ಒಳಗಿದ್ದರು. ಹೆಣ್ಣಿನ ತಾಯಿ, ಅಂದ್ರೆ ನಮ್ಮಣ್ಣನ ಮಗಳು, ಬಂದೋಳು ಮಗಳನ್ನ ಒಳಗೆ ಕಳಿಸಿ ತಾನು ನನ್ನ ಪಕ್ಕ ಕೂತ್ಬಿಟ್ಟಳು.

"ಒಳಗೆ ಹೋಗೇ."

"ಬೀಗ್ರು ಬನ್ನಿ ಅನ್ಲಿ ಅತ್ತೆ. ಬಾಗಿಲು ತೆರೆದ್ರೆ ಕರೆದಂಗಾಯ್ತಾ? ಕರೀದಿದ್ರೆ ಈ ಮದುವೇನೇ ಬೇಡ."

ಗಾಜಿನಾಚೆ ಮದುಮಗಳು ವೇಲಿನ ತುದಿ ಕಚ್ಚಿಕೊಂಡು ಕಣ್ಣೀರು ಹಾಕ್ತಿದ್ದಳು.

ಸಮಾಧಾನ ಹೇಳೋಣ ಅಂತ ಅಣ್ಣನ ಮಗಳ ಕಿವಿ ಹತ್ರ ಬಗ್ಗಿದೆ. "ಬಿಡೇ, ಆಯಮ್ಮಂದು ಬರೀ ಜಂಬ. ಆ ಉದ್ದ ಜಡೆ ಇದೆಯಲ್ಲ, ಅರ್ಧಕ್ಕರ್ಧ ಚೌರಿ! ಸೇರಿಸಿ ಹೆಣೆದಿರೋ ಕೂದಲು ಕಣೆ!"

ನಾನು ಬಗ್ಗಿದ್ದು ಆ ಕರೀ ಕಣ್ಣಿಗೆ ಬಿದ್ದಿತ್ತು. ಬಾಗಿಲು ಸರ್ರಂತ ತೆರೆದಿತ್ತು. ಬಾಗಿಲ ಪಕ್ಕದ ಕನ್ನಡಿ ಮುಂದೆ, ಹೆಗಲ ಮೇಲೆ ರೇಷ್ಮೆ ಸೀರೆ ಹಾಕ್ಕೊಂಡು ಬೀಗಿತ್ತಿ ನಿಂತಿದ್ದರು.

"ಏನು, ಚೌರಿ ಅಂದ್ರಾ?"

ಮದುವೆ ಮುರೀತು ಅನ್ಕೊಂಡೆ. ಅಣ್ಣನ ಮಗಳು ಮೆಲ್ಲಗೆ ಎದ್ದು ನಿಂತಳು. "ನಂದೂ ಚೌರೀನೇ ಬೀಗ್ರೇ."

ಬೀಗಿತ್ತಿ ಅವಳ ಜಡೆ ಹಿಡಿದು ನೋಡಿದರು. "ಅಯ್ಯೋ, ಗೊತ್ತೇ ಆಗಲ್ವಲ್ರೀ! ಎಲ್ಲಿ ತಗೊಂಡ್ರಿ? ಬನ್ನಿ, ಒಳಗೆ ಬನ್ನಿ!"

ಬನ್ನಿ ಅಂದೇಬಿಟ್ರು! ಇಬ್ಬರೂ ಕೈ ಕೈ ಹಿಡ್ಕೊಂಡು ಒಳಗೆ ಹೋದರು. ಅವರ ಹಿಂದೆಯೇ ತಣ್ಣನೆ ಗಾಳಿ ಬೀಸ್ತು. ನಾನು ಸೆರಗು ತಲೆ ಮೇಲೆಳ್ಕೊಂಡು, ನನ್ನ ತುರುಬಿನ ಚೌರೀನ ಒಂದು ಕೈಲಿ ಗಟ್ಟಿಯಾಗಿ ಹಿಡ್ಕೊಂಡೆ.