ಮೂರನೇ ಕ್ಲಾಸಿನ ಮೀಸೆ

ಕರಿಬಸವಯ್ಯ ಮೇಷ್ಟ್ರು ಮಾಡಿದ ತಪ್ಪು ಒಂದೇ. ನೊಣವಿನಕೆರೆ ಬಸ್ಸಿನ ಕಂಡಕ್ಟರು ಬೆಳಿಗ್ಗೆ ಕಿವಿಯಲ್ಲಿ ಹೇಳಿಹೋದ ಸುದ್ದಿಯನ್ನು ತಂದು ಮರುಳಪ್ಪನ ಜಗಲಿಯ ಮೇಲೆ ಇಳಿಸಿದರು. ಸೋರೆಕಟ್ಟೆಯಲ್ಲಿ ಮರುಳಪ್ಪನಿಗೆ ಒಂದು ಮಾತು ಹೇಳುವುದೂ ಒಣಗಿದ ತೆಂಗಿನ ಗರಿಗೆ ಬೆಂಕಿ ಇಡುವುದೂ ಒಂದೇ.

ಸುದ್ದಿ ಇಷ್ಟು. ಅಕ್ಕಪಕ್ಕದ ಎರಡು ಊರಿಗೆ ಎರಡು ಪ್ರೈಮರಿ ಸ್ಕೂಲು ದಂಡ ಅಂತ ಸರ್ಕಾರಕ್ಕೆ ಅನ್ನಿಸಿದೆ. ಇವತ್ತೇ ಇನ್‌ಸ್ಪೆಕ್ಟರು ಬಂದು ಸೋರೆಕಟ್ಟೆಯ ಸ್ಕೂಲನ್ನೂ ಕೆರೆಯಾಚೆಯ ಮೂಡಲಕೊಪ್ಪಲಿನ ಸ್ಕೂಲನ್ನೂ ಹೋಲಿಸಿ ನೋಡುತ್ತಾರೆ. ಸೋತ ಸ್ಕೂಲಿಗೆ ಬೀಗ, ಅದರ ಮೇಷ್ಟ್ರಿಗೆ ಪಾವಗಡಕ್ಕೆ ವರ್ಗ. ಕರಿಬಸವಯ್ಯನವರು ಹೋದ ವರ್ಷವಷ್ಟೇ ಊರಲ್ಲಿ ತುಂಡು ನೆಲ ಕೊಂಡು ತೆಂಗಿನ ಸಸಿ ನೆಟ್ಟಿದ್ದರು. ಸಸಿ ಫಲ ಬಿಡುವ ಹೊತ್ತಿಗೆ ತಾವು ಪಾವಗಡದಲ್ಲಿ ಕಡಲೆಕಾಯಿ ಸುಲಿಯುತ್ತ ಕೂರುವುದು ಅವರಿಗೆ ಬೇಡವಾಗಿತ್ತು.

"ಹೋಲಿಸ್ಲಿ ಬುಡಿ ಮೇಷ್ಟ್ರೇ," ಎಂದ ಮರುಳಪ್ಪ. "ಅವರ ಸ್ಕೂಲ್ ಮುಂದೆ ತೆಂಗಿನ್ಮರ ನಾಕು, ನಮ್ದು ಆರು. ಅಲ್ಲಿ ಅಣ್ಣಯ್ಯ ಮೇಷ್ಟ್ರು ಕುಂತ್ಕಂಡು ತೂಕಡಿಸ್ತಾರೆ, ನೀವು ನಿಂತ್ಕಂಡು. ಶಿಸ್ತು ನಮ್ದೇ ಜಾಸ್ತಿ."

"ಮಕ್ಕಳ ತಲೆ ಎಣಿಸ್ತಾರೆ ಮರುಳಪ್ಪೋರೆ. ಅಲ್ಲಿ ಮೂವತ್ತೈತೆ. ನಮ್ಮಲ್ಲಿರೋದೇ ಹನ್ನೆರಡು, ಅದ್ರಲ್ಲೂ ನಾಕು ಮಂಗನಬಾವು ಬಂದು ಮಲಗವೆ."

ಮರುಳಪ್ಪ ಕೊಬ್ಬರಿ ವ್ಯಾಪಾರದಲ್ಲಿ ತಲೆ ನರೆಸಿಕೊಂಡವನು. ಅವನ ಪ್ರಕಾರ ಲೋಕದಲ್ಲಿ ಇರುವುದೆಲ್ಲ ಚೀಲ. "ಮಂಡಿಗೆ ಚೀಲ ತುಂಬುವಾಗ ಏನ್ ಮಾಡ್ತೀವಿ ಹೇಳಿ. ಒಳ್ಳೇ ಕೊಬ್ರಿ ಬಾಯಲ್ಲಿ, ಒಳ್ಳೇದೇ ತಳದಲ್ಲಿ. ಮಂಡಿಯೋನು ತಳಕ್ಕೂ ಕೈ ಹಾಕ್ತಾನೆ ನೋಡಿ. ಕೌಟು ಹಿಡಿದು ಕೆಟ್ಟ ಕೊಬ್ರಿ ಎಲ್ಲ ನಡುವೆ. ಯಾವನಿಗೂ ಕಾಣಕ್ಕಿಲ್ಲ. ಮಕ್ಳು ಮುಂದೆ ನಾಕು, ಹಿಂದೆ ನಾಕು ಕೂರ್ಲಿ. ನಡುವೆ ನಾವು ಕುಂತ್ಕತೀವಿ."

"ನೀವಾ?"

"ಊರ ಮಾನದ ಪ್ರಶ್ನೆ ಕಣ್ರೀ."

ಆಗಲೇ ಬೇಡ ಎನ್ನಬೇಕಿತ್ತು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಊರು ಸ್ಕೂಲಿಗೆ ಹೊರಟಿತ್ತು. ಮರ ಹತ್ತಿ ಕಾಯಿ ಕೆಡವುವ ಬೀರಲಿಂಗಯ್ಯ ಮಗನ ಚಡ್ಡಿಯೊಳಗೆ ತೂರಿಕೊಂಡು ಬಂದ. ಬಂದ ಮೇಲೆ ಕೂರುವುದೇ ಕಷ್ಟವಾಯಿತು. ಅರವತ್ತು ದಾಟಿದ ಹನುಮಕ್ಕ ಎರಡು ಜಡೆ ಹಾಕಿಸಿಕೊಂಡು, ಒಂದನೇ ಕ್ಲಾಸಿನಲ್ಲಿ ಕಾಲು ಚಾಚಿ ಎಲೆಅಡಿಕೆ ಕುಟ್ಟತೊಡಗಿದಳು. ಮರುಳಪ್ಪ ತನ್ನನ್ನು ತಾನೇ ನಾಲ್ಕನೇ ಕ್ಲಾಸಿಗೆ ಪಾಸು ಮಾಡಿಕೊಂಡ. ಒಂದೇ ಕೋಣೆಯ ಸ್ಕೂಲು ಸಂತೆಗೆ ಹೋಗುವ ಲಾರಿಯ ಹಾಗೆ ಬಿರಿಯಿತು.

ಮಧ್ಯಾಹ್ನ ಜೀಪಿನಿಂದಿಳಿದ ಇನ್‌ಸ್ಪೆಕ್ಟರ್ ರೇವಣಸಿದ್ದಯ್ಯನವರು ಬಾಗಿಲಲ್ಲಿ ನಿಂತು ಮುಂದಿನ ಸಾಲು ನೋಡಿದರು, ಹಿಂದಿನ ಸಾಲು ನೋಡಿದರು. ಆಮೇಲೆ ಯಾವ ಮಂಡಿಯವನೂ ಮಾಡದ ಕೆಲಸ ಮಾಡಿದರು. ನಡುವಿಗೆ ಕೈ ಹಾಕಿದರು.

"ಏಳು. ಯಾವ ಕ್ಲಾಸು ನೀನು?"

ಬೀರಲಿಂಗಯ್ಯ ಚಡ್ಡಿ ಹಿಡಿದುಕೊಂಡು ಎದ್ದ. "ಮೂರು ಸಾ."

"ಮೀಸೆ?"

"ನಮ್ಮೂರ ಕೊಬ್ರಿ ಎಣ್ಣೆ ಸಾ. ಸವರಿದ ಕಡೆಯೆಲ್ಲ ಬೆಳೀತದೆ."

ಇನ್‌ಸ್ಪೆಕ್ಟರ ಮುಖ ಕದಲಲಿಲ್ಲ. ಹನುಮಕ್ಕನ ಕಡೆ ತಿರುಗಿದರು. "ನೀವಮ್ಮ?"

"ಒಂದನೇ ಕ್ಲಾಸು ಕಣಪ್ಪ. ಸೇರೋದು ವಸಿ ತಡ ಆಯ್ತು."

ಇನ್‌ಸ್ಪೆಕ್ಟರು ಮತ್ತೆ ಮೂರನೇ ಕ್ಲಾಸಿಗೆ ಬಂದರು. "ಒಂದು ಲೆಕ್ಕ ಹೇಳು. ಒಂದು ಮರಕ್ಕೆ ಇಪ್ಪತ್ತು ಕಾಯಿ. ಐದು ಮರಕ್ಕೆ ಎಷ್ಟು?"

"ಯಾರ ತೋಟ ಸಾ?"

"ಯಾರದ್ದಾದರೇನು?"

"ಹಂಗಲ್ಲ ಸಾ. ಮರುಳಪ್ಪೋರ ತೋಟ ಆದ್ರೆ ತೊಂಬತ್ತು. ಹತ್ತು ನಮ್ಮನೇಗೆ ಹೋಯ್ತದೆ."

ನಾಲ್ಕನೇ ಕ್ಲಾಸು ಎದ್ದು ನಿಂತಿತು. "ಲೇ ಬೀರ, ಅದ್ಕೇ ಏನ್ಲಾ ಪ್ರತೀ ಸಲ ಕಾಯಿ ಕಿತ್ತಾಗ್ಲೂ ಕಮ್ಮಿ ಬೀಳೋದು?"

"ನೀವು ಚೀಲದ ನಡುವೆ ಕೌಟು ತುಂಬಕ್ಕಿಲ್ವಾ?"

ಮರುಳಪ್ಪ ಸ್ಲೇಟು ಎತ್ತಿದ. ಬೀರಲಿಂಗಯ್ಯ ಮುಂದೆ ಹಾರಿದ. ಚಡ್ಡಿ ಅಲ್ಲೇ ಹರಿಯಿತು. ಹನುಮಕ್ಕ ನ್ಯಾಯ ಹೇಳುತ್ತ ಕುಟ್ಟಾಣಿ ಬೀಸಿದಳು. ನಿಜವಾದ ಮಕ್ಕಳು ಚಪ್ಪಾಳೆ ಹೊಡೆದವು.

ಬೆಳಗಿನಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಮೇಷ್ಟ್ರ ನೆತ್ತಿಗೇರಿತು. ಬೆತ್ತದಿಂದ ಮೇಜಿಗೆ ಬಾರಿಸಿ, "ಕುಂತ್ಕಳ್ರೋ ಕತ್ತೆಗಳಾ. ಕೈ ಕಟ್ಟಿ, ಬಾಯಿ ಮುಚ್ಚಿ," ಎಂದು ಗುಡುಗಿದರು.

ಇಡೀ ಊರು ತೊಪ್ಪನೆ ಕೂತಿತು. ಮರುಳಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡ.

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿದರು. "ಮೇಷ್ಟ್ರೇ, ಮಕ್ಕಳ ಸ್ಕೂಲಿಗೆ ಮೂಡಲಕೊಪ್ಪಲೇ ಸರಿ. ಅಲ್ಲಿ ಮಕ್ಕಳಿದ್ದಾರೆ."

ಮೇಷ್ಟ್ರಿಗೆ ಪಾವಗಡದ ಬಿಸಿಲು ಇಲ್ಲೇ ಬಡಿಯಿತು.

"ಆದರೆ ನಿಮ್ಮನ್ನು ಕಳಿಸಲ್ಲ. ವಯಸ್ಕರ ಶಿಕ್ಷಣ ಅಂತ ತಂದು ಸರ್ಕಾರ ನನ್ನ ಪ್ರಾಣ ಹಿಂಡ್ತಿದೆ. ಎಲ್ಲೂ ಒಬ್ಬನೂ ಬಂದು ಕೂರ್ತಿಲ್ಲ. ನೀವು ಊರಿಗೆ ಊರನ್ನೇ ಕೂರಿಸಿದ್ದೀರಿ, ಅದೂ ಕೈ ಕಟ್ಟಿಸಿ. ಹಗಲು ಮೂಡಲಕೊಪ್ಪಲಿನಲ್ಲಿ ಅಣ್ಣಯ್ಯನವರ ಕೈಕೆಳಗೆ ಕೆಲಸ ಮಾಡಿ. ಸಂಜೆ ಇಲ್ಲಿ ಇವರಿಗೆ ಪಾಠ. ಇವರೆಲ್ಲ ಪಾಸಾದ ದಿನ ನಿಮ್ಮನ್ನು ಈ ಎರಡೂ ದುಡಿಮೆಯಿಂದ ಬಿಡುಗಡೆ ಮಾಡಿ ಹೆಡ್‌ಮಾಸ್ಟರ್ ಮಾಡೋ ಜವಾಬ್ದಾರಿ ನನ್ನದು."

ಜೀಪು ಧೂಳೆಬ್ಬಿಸಿ ಹೋಯಿತು. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದರು. ಮರುಳಪ್ಪ ಪಕ್ಕದಲ್ಲಿ ಬಂದು ಕೂತು ಅವರ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣು ತೇವವಾಗಿತ್ತು.

"ಹೆದರ್ಕಬೇಡಿ ಮೇಷ್ಟ್ರೇ. ನಿಮ್ಮಂಥೋರ್ನ ಬುಟ್ಕೊಡಕ್ಕಾಯ್ತದಾ? ಎಲ್ಲಾರೂ ಈಗ್ಲೇ ಮಾತಾಡ್ಕಂಡಿದೀವಿ. ನಮ್ಮಲ್ಲಿ ಒಬ್ರೂ ಈ ಜನ್ಮದಲ್ಲಿ ಪಾಸಾಗಲ್ಲ."